ಕುದುರೆ ಬಂತು, ಕೋಟೆ ಉಳೀತು... ಊರೇನಾಯ್ತು?

ಈ ವಾರ ಕಾಗದಗಳ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಒಂದೇ ಜಗಳ! ಕೋಟೆಗೆ ಮುತ್ತಿಗೆ ಬಿದ್ದು, ಒಳಗಿನವರು ಸಾಯೋ ಸ್ಥಿತಿಗೆ ಬಂದು, ಕೊನೆಗೆ ಒಂದು ಘನಘೋರ ಕದನದಲ್ಲಿ ಆ ಮುತ್ತಿಗೆ ಚೂರುಚೂರಾಗುತ್ತಲ್ಲ, ಅಂಥ ಸೀನುಗಳಲ್ಲಿ ನಂಬರ್ ಒನ್ ಯಾವುದು? ಸಾತನೂರಿನ ಮಿತ್ರರೊಬ್ಬರು 'ಬಾಹುಬಲಿ' ಬಿಟ್ಟು ಬೇರೆ ಹೆಸರು ಹೇಳಿದರೆ ಈ ಪತ್ರಿಕೆ ಕೊಳ್ಳುವುದನ್ನೇ ನಿಲ್ಲಿಸುತ್ತೇನೆ ಎಂದು ಧಮಕಿ ಹಾಕಿದ್ದಾರೆ. ಹಾರೋಹಳ್ಳಿಯ ಫ್ಯಾಕ್ಟರಿ ಹುಡುಗರು ಐದು ಜನ ಸಹಿ ಹಾಕಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಚಿತ್ರದ ಹೆಲ್ಮ್ಸ್ ಡೀಪ್ ಕೋಟೆಗೇ ಓಟು ಅಂದಿದ್ದಾರೆ. ಕೋಡಿಹಳ್ಳಿಯ ಹಿರಿಯರೊಬ್ಬರು ಒಂದೇ ಸಾಲು ಗೀಚಿದ್ದಾರೆ: "ಒನಕೆ ಓಬವ್ವನ್ನ ಮರೆತ್ರೆ ನಿಮಗೆ ಒನಕೆನೇ ಗತಿ!"

ಅಯ್ಯಾ ಸ್ವಾಮಿ, ತಾಳ್ಮೆ ಇರಲಿ! ತೀರ್ಪು ಕೊಡೋಣ. ಆದರೆ ಗಾಂಧಿಕ್ಲಾಸಿನಲ್ಲಿ ಕೂತು ಬರೆಯೋ ನನ್ನಂಥವನ ತೀರ್ಪು ಬಾಲ್ಕನಿಯವರ ಹಾಗೆ ಒಂದೇ ಮಾತಿನಲ್ಲಿ ಮುಗಿಯೋದಿಲ್ಲ. ಸ್ವಲ್ಪ ಸುತ್ತಾಡಿಸಿಯೇ ಕರಕೊಂಡು ಬರುತ್ತೇನೆ. ಸುತ್ತುವಾಗ ನಮ್ಮ ಕನಕಪುರವೂ ಸಿಗುತ್ತೆ, ಅದೇ ಈ ವಾರದ ವಿಶೇಷ.

ಶಿಳ್ಳೆಯ ಲೆಕ್ಕಾಚಾರ

ಮುತ್ತಿಗೆ ಸೀನಿಗೆ ಶಿಳ್ಳೆ ಯಾಕೆ ಬೀಳುತ್ತೆ, ಯಾವತ್ತಾದರೂ ಯೋಚನೆ ಮಾಡಿದ್ದೀರಾ? ಸಾಮಾನ್ಯ ಫೈಟಿಂಗಿನಲ್ಲಿ ನಾಯಕ ಹೊಡೀತಾನೆ, ನಾವು ನೋಡ್ತೀವಿ. ಮುತ್ತಿಗೆಯಲ್ಲಿ ನಾಯಕ ಕಾಯ್ತಾನೆ, ಅವನ ಜೊತೆ ನಾವೂ ಕಾಯ್ತೀವಿ. ಚಾಲಾಕಿ ನಿರ್ದೇಶಕ ಮೊದಲು ಬಾಗಿಲು ಮುಚ್ಚುತ್ತಾನೆ. ಆಮೇಲೆ ಉಗ್ರಾಣ ಖಾಲಿ ಮಾಡುತ್ತಾನೆ. ಆಮೇಲೆ ಗೋಡೆ ಒಡೆಯುತ್ತಾನೆ. ಇನ್ನೇನು ಎಲ್ಲಾ ಮುಗೀತು ಅನ್ನೋ ಹೊತ್ತಿಗೆ ಬೆಟ್ಟದ ತುದಿಯಲ್ಲಿ ಒಂದು ಬಿಳಿ ಕುದುರೆ! ಅಲ್ಲಿವರೆಗೆ ಎದೆಯೊಳಗೆ ಕಟ್ಟಿಟ್ಟುಕೊಂಡ ಉಸಿರು ಶಿಳ್ಳೆಯಾಗಿ ಹೊರಗೆ ಬರುತ್ತೆ. ಅಷ್ಟೇ ಸ್ವಾಮಿ ಗುಟ್ಟು.

2002ರಲ್ಲಿ ತೆರೆಕಂಡ 'ದಿ ಟೂ ಟವರ್ಸ್' ಚಿತ್ರದಲ್ಲಿ ಪೀಟರ್ ಜಾಕ್ಸನ್ ಮಾಡಿದ್ದು ಇದನ್ನೇ. ಹೊರಗೆ ಹತ್ತು ಸಾವಿರ ರಾಕ್ಷಸ ಸೈನ್ಯ, ಒಳಗೆ ಮುನ್ನೂರು ಜನ. ಅದರಲ್ಲಿ ಮುದುಕರು, ಮೀಸೆ ಮೂಡದ ಹುಡುಗರು. ಧೋ ಅಂತ ಮಳೆ. ಗೋಡೆಗೆ ಮದ್ದು ಇಟ್ಟು ಉಡಾಯಿಸುತ್ತಾರೆ. ಬೆಳಗಾಗುತ್ತಲೇ ಗ್ಯಾಂಡಾಲ್ಫ್ ಮಾಂತ್ರಿಕ ಕುದುರೆ ಸವಾರರೊಡನೆ ಇಳಿಜಾರಿನಲ್ಲಿ ನುಗ್ಗುತ್ತಾನೆ. ಆಹಾ! ಮೊಬೈಲಿನಲ್ಲಿ ನೋಡಿದರೂ ರೋಮ ನೆಟ್ಟಗಾಗುತ್ತೆ.

ಆ ಕೋಟೆಯ ಸೆಟ್ಟು ಹಾಕಿದ್ದು ಎಲ್ಲಿ ಗೊತ್ತೇ? ನ್ಯೂಜಿಲೆಂಡಿನ ವೆಲಿಂಗ್ಟನ್ ಹತ್ತಿರದ ಒಂದು ಕಲ್ಲು ಕ್ವಾರಿಯಲ್ಲಿ! ತಿಂಗಳುಗಟ್ಟಲೆ ರಾತ್ರಿ ಹೊತ್ತಿನಲ್ಲೇ ಚಿತ್ರೀಕರಣ. ರಾಕ್ಷಸರ ಆರ್ಭಟಕ್ಕೆ ಅಲ್ಲಿಯ ಕ್ರಿಕೆಟ್ ಮೈದಾನದಲ್ಲಿ ಪಂದ್ಯದ ನಡುವೆ ಸುಮಾರು 25,000 ಪ್ರೇಕ್ಷಕರ ಕೈಯಲ್ಲಿ ಕೂಗಿಸಿ ರೆಕಾರ್ಡು ಮಾಡಿಕೊಂಡರು. ಅಂದರೆ ಆ ರಾಕ್ಷಸ ಸೈನ್ಯದ ಗಂಟಲು ನಮ್ಮ ನಿಮ್ಮಂಥ ಅಭಿಮಾನಿಗಳದ್ದೇ. ಕ್ವಾರಿ, ಕ್ರಿಕೆಟ್ಟು, ಕೂಗಾಟ... ನಮ್ಮೂರಲ್ಲಿ ಇದರಲ್ಲಿ ಯಾವುದಕ್ಕೆ ಬರ ಇದೆ ಹೇಳಿ!

ಮರುವರ್ಷದ 'ದಿ ರಿಟರ್ನ್ ಆಫ್ ದಿ ಕಿಂಗ್' ಚಿತ್ರದಲ್ಲಿ ಇದೇ ಆಟ ಇನ್ನೂ ದೊಡ್ಡದಾಗಿ. ಮಿನಾಸ್ ತಿರಿತ್ ಅನ್ನೋ ಬಿಳಿ ಪಟ್ಟಣಕ್ಕೆ ಮುತ್ತಿಗೆ, ಬೆಳಗಿನ ಜಾವ ಆರು ಸಾವಿರ ಕುದುರೆ. ಆದರೆ ಇಲ್ಲಿ ಮುತ್ತಿಗೆ ಮುರಿದ ರಾಜ ಥಿಯೋಡೆನ್ ತಾನೇ ಸಾಯುತ್ತಾನೆ. ಗೆದ್ದ ಬಯಲಿನ ತುಂಬ ಹೆಣ. ಈ ಕಥೆ ಬರೆದ ಟೋಲ್ಕಿನ್ 1916ರಲ್ಲಿ ಫ್ರಾನ್ಸಿನ ಸೊಮ್ ಯುದ್ಧಭೂಮಿಯಲ್ಲಿ ಸಿಪಾಯಿಗಳ ಜೊತೆ ಕಂದಕದಲ್ಲಿ ಇದ್ದವನು, ಆ ಮಹಾಯುದ್ಧದಲ್ಲಿ ಆಪ್ತ ಗೆಳೆಯರನ್ನು ಕಳಕೊಂಡವನು. ಗೆಲುವಿಗೆ ಬೆಲೆ ಎಷ್ಟು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕುದುರೆ ಬರೋದು ಬರೀ ಕಟ್ಟುಕತೆಯೂ ಅಲ್ಲ. 1683ರಲ್ಲಿ ತುರ್ಕರು ವಿಯೆನ್ನಾ ಪಟ್ಟಣಕ್ಕೆ ಎರಡು ತಿಂಗಳು ಮುತ್ತಿಗೆ ಹಾಕಿದ್ದರು. ಸೆಪ್ಟೆಂಬರ್ 12ರಂದು ಪೋಲೆಂಡಿನ ರಾಜ ಸೋಬಿಯೆಸ್ಕಿ ಬೆಟ್ಟದ ಮೇಲಿಂದ ತನ್ನ ಕುದುರೆ ದಂಡನ್ನು ಇಳಿಸಿ ಮುತ್ತಿಗೆಯನ್ನು ಮುರಿದ. ಸಿನಿಮಾದ ಹಾಗೇ ನಡೆದದ್ದು ಚರಿತ್ರೆಯಲ್ಲೂ ಉಂಟು. ಆದರೆ ಅಪರೂಪಕ್ಕೆ!

ನಮ್ಮವರ ಮುತ್ತಿಗೆ

ಸಾತನೂರಿನ ಮಿತ್ರರು ಕೋಪ ಮಾಡಿಕೊಳ್ಳಬಾರದು. 2015ರ 'ಬಾಹುಬಲಿ'ಯ ಕಾಲಕೇಯರ ಯುದ್ಧ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆ ಕಾಲಕೇಯರಿಗೆ ಕಿಲಿಕಿ ಅಂತ ಒಂದು ಭಾಷೆಯನ್ನೇ ಹುಟ್ಟಿಸಿದರು. ಆದರೆ ಅದು ಮುತ್ತಿಗೆ ಅಲ್ಲವಲ್ಲ ಗುರುವೇ! ಕೋಟೆ ಹಿಂದೆ, ಸೈನ್ಯ ಮುಂದೆ, ನಡುವೆ ಬಯಲು. ಒಳಗಿನವರು ಹಸಿದಿಲ್ಲ, ಬಾವಿ ಬತ್ತಿಲ್ಲ. ಅದು ಬಯಲು ಕದನ. ಹಾಗಾಗಿ ಈ ಸ್ಪರ್ಧೆಯಲ್ಲಿ ಅದಕ್ಕೆ ಪ್ರವೇಶವಿಲ್ಲ.

ಕೋಡಿಹಳ್ಳಿಯ ಹಿರಿಯರ ಮಾತಿಗೆ ತಲೆಬಾಗುತ್ತೇನೆ. 1972ರ 'ನಾಗರಹಾವು' ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ಒಂದೇ ಹಾಡಿನ ಅವಧಿಯಲ್ಲಿ ಹೈದರಾಲಿಯ ಮುತ್ತಿಗೆಯನ್ನು ತೋರಿಸಿಬಿಟ್ಟರು. ಒಂದು ಕಿಂಡಿ, ಒಂದು ಒನಕೆ, ಓಬವ್ವನ ಪಾತ್ರದಲ್ಲಿ ಜಯಂತಿ. ಊಟಕ್ಕೆ ಕೂತ ಗಂಡನನ್ನು ಎಬ್ಬಿಸಲಿಲ್ಲ ಆಕೆ! ಸಾವಿರಾರು ಕುದುರೆ ತೋರಿಸಿದರೂ ಬಾರದ ರೋಮಾಂಚನ ಆ ಒಂದು ಕಿಂಡಿಯಲ್ಲಿ ಬಂತು. ಆದರೆ ಹಾಡು ಮುಗಿದ ಮೇಲಿನ ಕಥೆ ಏನು? 1779ರಲ್ಲಿ ಚಿತ್ರದುರ್ಗ ಹೈದರನ ಕೈಗೆ ಬಿದ್ದೇ ಬಿತ್ತು. ಮದಕರಿ ನಾಯಕ ಸೆರೆಯಾದ. ಓಬವ್ವ ಕಿಂಡಿ ಕಾಯ್ದಳು, ಕೋಟೆ ಕಾಯೋರು ಸಾಲಲಿಲ್ಲ.

ಮುತ್ತಿಗೆಯನ್ನು ನಿಜವಾಗಿ ಮುರಿದವರು ನಮ್ಮಲ್ಲಿ ಯಾರೂ ಇಲ್ಲವೇ? ಇದ್ದಾರೆ! ಅಣ್ಣಾವ್ರ ಚಿತ್ರದ ಹೆಸರೇ ಅವರ ಹೆಸರು: ರಣಧೀರ ಕಂಠೀರವ. 1960ರಲ್ಲಿ ಅಣ್ಣಾವ್ರು, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘದ ಹೆಸರಲ್ಲಿ ತೆಗೆದ ಚಿತ್ರ. ಅದರಲ್ಲಿ ನಮ್ಮ ನೆನಪಿಗೆ ಬರೋದು ತಿರುಚಿನಾಪಳ್ಳಿಯ ಜಟ್ಟಿ ಕಾಳಗ, ದಳವಾಯಿ ವಿಕ್ರಮರಾಯನ ಪಿತೂರಿ. ಚರಿತ್ರೆಯಲ್ಲಿ ಅದರ ಮುಂದಿನ ರೀಲೂ ಇದೆ. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನ್ ಬೆಂಗಳೂರನ್ನು ಹಿಡಿದ. ಬೆಂಗಳೂರು ಕಳಕೊಂಡ ಕೆಂಪೇಗೌಡರ ಮನೆತನ ನಮ್ಮ ಪಕ್ಕದ ಮಾಗಡಿಗೆ ಬಂದು ನೆಲೆಸಿತು. ಖಾನ್ ಅಷ್ಟಕ್ಕೇ ನಿಲ್ಲಲಿಲ್ಲ. 1639ರ ಜನವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಕಂಠೀರವ ನರಸರಾಜ ಒಡೆಯರು ಪಟ್ಟಕ್ಕೆ ಬಂದು ಇನ್ನೂ ಸರಿಯಾಗಿ ಕೂತಿರಲಿಲ್ಲ. ಆದರೂ ಆ ದಂಡನ್ನು ಬಡಿದಟ್ಟಿದರು. ಗೋವಿಂದವೈದ್ಯ ಅನ್ನೋ ಕವಿ 1648ರಲ್ಲಿ ಇವರ ಮೇಲೆ ಸಾಂಗತ್ಯದಲ್ಲಿ ಕಾವ್ಯವನ್ನೇ ಬರೆದ. ಇಂಥ ರೀಲು ಇಟ್ಟುಕೊಂಡು ನಮ್ಮ ನಿರ್ಮಾಪಕರು ಕಥೆ ಹುಡುಕೋಕೆ ಹೊರದೇಶಕ್ಕೆ ಹೋಗ್ತಾರಲ್ಲ, ಏನನ್ನೋಣ!

ಕಲ್ಲಿಗೊಂದು ರೇಟು

ಈಗ ದೊಡ್ಡ ಪರದೆಗೆ ಬನ್ನಿ. ರಾಜಮೌಳಿ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯ ಅಮರೇಶ್ವರ ಕ್ಯಾಂಪಿನಲ್ಲಿ. ಅದೇ ರಾಯಚೂರಿನ ನೆಲದಲ್ಲಿ 1520ರಲ್ಲಿ ನಡೆದ ಕದನದ ಮುಂದೆ ಮಾಹಿಷ್ಮತಿ ಮಕ್ಕಳಾಟ!

ರಾಯಚೂರು ಕೋಟೆ ಆಗ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಕೈಯಲ್ಲಿತ್ತು. ಕೃಷ್ಣದೇವರಾಯ ಬಂದು ಮೂರು ತಿಂಗಳು ಮುತ್ತಿಗೆ ಹಾಕಿದ. ಇದನ್ನು ವಿವರವಾಗಿ ಬರೆದಿಟ್ಟವನು ಪೋರ್ಚುಗಲ್ಲಿನ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್. ಅವನ ಲೆಕ್ಕದಲ್ಲಿ ರಾಯನ ಕಾಲಾಳುಗಳು ಏಳು ಲಕ್ಷ! ಚರಿತ್ರೆಕಾರರು ಆ ಅಂಕಿಯನ್ನು ಪೂರ್ತಿ ನಂಬುವುದಿಲ್ಲ, ನಾವೂ ಪೋಸ್ಟರಿನ ಮೇಲಿನ ಕಲೆಕ್ಷನ್ ನಂಬುವಷ್ಟೇ ನಂಬೋಣ. ಆದರೆ ಅವನು ಹೇಳೋ ಒಂದು ಸಣ್ಣ ಸಂಗತಿ ಮಾತ್ರ ನನ್ನ ತಲೆಯಿಂದ ಹೋಗೋದಿಲ್ಲ. ಕೋಟೆಯ ಮೇಲಿಂದ ಗುಂಡು, ಬಾಣ, ಕಲ್ಲು ಸುರೀತಿದ್ದರೆ ಗೋಡೆಯ ಬುಡಕ್ಕೆ ಹೋಗೋ ಧೈರ್ಯ ಯಾರಿಗಿದೆ? ಅದಕ್ಕೆ ರಾಯನ ಸರದಾರರು ಒಂದು ಉಪಾಯ ಮಾಡಿದರು. ಗೋಡೆಯಿಂದ ಕಿತ್ತು ತಂದ ಒಂದೊಂದು ಕಲ್ಲಿಗೂ ಗಾತ್ರ ನೋಡಿ ರೊಕ್ಕ! ದೊಡ್ಡ ಕಲ್ಲಿಗೆ ದೊಡ್ಡ ರೇಟು, ಸಣ್ಣದಕ್ಕೆ ಸಣ್ಣ ರೇಟು. ಹೀಗೆ ದುಡ್ಡು ತೋರಿಸಿ ಜನರನ್ನು ಸಾವಿನ ಬಾಯಿಗೆ ಕಳಿಸಿದರು.

ಕನಕಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಕಲ್ಲಿಗೆ ರೇಟು ಕಟ್ಟೋದು, ಕಲ್ಲು ಎಬ್ಬಿಸೋನ ಜೀವಕ್ಕೆ ರೇಟು ಕಟ್ಟದೇ ಇರೋದು, ನಾವು ಕಣ್ಣಾರೆ ಕಂಡದ್ದೇ.

ಅಷ್ಟರಲ್ಲಿ ಆದಿಲ್ ಶಾಹ ಭಾರೀ ಫಿರಂಗಿ ಪಡೆಯೊಂದಿಗೆ ಕೃಷ್ಣೆ ದಾಟಿ ಬಂದ, ತನ್ನ ಕೋಟೆಯನ್ನು ಬಿಡಿಸಿಕೊಳ್ಳೋಕೆ. 1520ರ ಮೇ 19ರಂದು ಕದನ. ಆದಿಲ್ ಶಾಹನ ಫಿರಂಗಿಗಳು ಒಮ್ಮೆಲೇ ಬೆಂಕಿ ಕಾರಿದವು. ರಾಯನ ಮುಂಚೂಣಿ ಚಿಂದಿಯಾಯಿತು, ಜನ ತಿರುಗಿ ಓಡಿದರು. ಇಲ್ಲಿ ನೋಡಿ ಕ್ಲೋಸಪ್ಪು! ರಾಯ ಬೆರಳಿನ ಉಂಗುರ ತೆಗೆದು ಊಳಿಗದ ಹುಡುಗನ ಕೈಗಿತ್ತ. ನಾನು ಸತ್ತರೆ ಇದನ್ನು ರಾಣಿಯರಿಗೆ ತೋರಿಸು ಅಂತ. ಆಮೇಲೆ ಕುದುರೆ ಹತ್ತಿ ಉಳಿದ ದಂಡಿನೊಂದಿಗೆ ತಾನೇ ನುಗ್ಗಿದ. ಶತ್ರುವಿನ ಸಾಲು ಮುರಿಯಿತು. ನದಿಯ ತನಕ ಅಟ್ಟಿಸಿಕೊಂಡು ಹೋದರು. ನೀರಲ್ಲಿ ಬಿದ್ದು ಸತ್ತವರಿಗೆ ಲೆಕ್ಕವಿಲ್ಲ. ಕೊನೆಗೆ ರಾಯನೇ ಸಾಕು ನಿಲ್ಲಿಸಿ ಅಂದ, ತಪ್ಪು ಮಾಡದವರೇ ಹೆಚ್ಚು ಸಾಯ್ತಿದ್ದಾರೆ ಅಂತ. ಗೆದ್ದ ಕಡೆಯಲ್ಲೇ ಸತ್ತವರು ಹದಿನಾರು ಸಾವಿರ ಮೀರಿದ್ದರು ಅನ್ನುತ್ತಾನೆ ನೂನಿಜ್.

ಆಮೇಲೆ ಕೋಟೆ. ಕ್ರಿಸ್ತೊವಾವ್ ದ ಫಿಗೆರೆದೊ ಅನ್ನೋ ಪೋರ್ಚುಗೀಸ ತನ್ನ ಬಂದೂಕಿನವರ ಜೊತೆ ಗೋಡೆ ಮೇಲಿದ್ದವರನ್ನು ಒಬ್ಬೊಬ್ಬರಾಗಿ ಉರುಳಿಸಿದ. ಇವರು ಯಾರಪ್ಪಾ ಅಂತ ಬಗ್ಗಿ ನೋಡಿದ ಕಿಲ್ಲೇದಾರನ ಹಣೆಗೇ ಗುಂಡು! ಮರುದಿನ ಒಳಗಿನ ಜನ ಕೈಯೆತ್ತಿ ಹೊರಗೆ ಬಂದರು. ಸೈನಿಕರು ಊರು ಲೂಟಿ ಮಾಡೋಕೆ ಶುರುಮಾಡಿದ್ದು ಕೇಳಿ ರಾಯ ತಡೆದು, ಅವರವರ ವಸ್ತು ಅವರವರಿಗೆ ಕೊಡಿಸಿದ ಅಂತ ನೂನಿಜ್ ಬರೆಯುತ್ತಾನೆ.

1970ರ 'ಶ್ರೀ ಕೃಷ್ಣದೇವರಾಯ' ಚಿತ್ರದಲ್ಲಿ ಅಣ್ಣಾವ್ರು ರಾಯ, ನಿರ್ದೇಶಕ ಬಿ.ಆರ್. ಪಂತುಲು ಅವರೇ ತಿಮ್ಮರಸು. ನಾವೆಲ್ಲ ರಾಯನ ಕಡೆ ಕೂತು ಚಪ್ಪಾಳೆ ಹೊಡೆದವರೇ, ಮುಂದೆಯೂ ಹೊಡೆಯೋರೇ. ಆದರೆ ಒಂದು ಕ್ಷಣ ಸೀಟು ಬದಲಾಯಿಸಿ ಕೂತು ನೋಡಿ. ರಾಯಚೂರಿನ ಒಳಗಿದ್ದವರೂ ಮೂರು ತಿಂಗಳು ಬೆಟ್ಟದ ಕಡೆ ಕಣ್ಣು ನೆಟ್ಟು ಕಾಯ್ತಿದ್ದರಲ್ಲ! ಅವರ ಕುದುರೆ ಬಂತು, ಬಂದು ಕೃಷ್ಣೆಯ ಪಾಲಾಯ್ತು. ಹೆಲ್ಮ್ಸ್ ಡೀಪಿನಲ್ಲಿ ಗ್ಯಾಂಡಾಲ್ಫನೇ ಸೋತಿದ್ದರೆ ಚಿತ್ರ ಹೇಗಿರುತ್ತಿತ್ತೋ ಹಾಗೆ.

ಮೂರು ಸಲ ಸತ್ತವನ ಮಾತು

ಇದನ್ನೆಲ್ಲ ಇಷ್ಟು ಒತ್ತಿ ಹೇಳೋಕೆ ಒಂದು ಕಾರಣ ಇದೆ. ಪಿಯುಸಿ ಅರ್ಧಕ್ಕೆ ಬಿಟ್ಟ ವರ್ಷ ಒಂದು ಪೌರಾಣಿಕದಂಥ ಧಾರಾವಾಹಿಯ ಯುದ್ಧದ ಸೀನಿಗೆ ನಮ್ಮ ಕಡೆಯ ಹುಡುಗರನ್ನು ಲಾರಿ ತುಂಬಿಸಿಕೊಂಡು ಹೋದರು. ನಾನೂ ಹತ್ತಿದೆ. ಬೆಳಗ್ಗೆ ಕೆಂಪು ಅಂಗಿ ಹಾಕಿ ರಾಜನ ಕಡೆ, ಮಧ್ಯಾಹ್ನ ಚಿತ್ರಾನ್ನ ತಿಂದು ಕರೀ ಅಂಗಿ ಹಾಕಿ ಶತ್ರುವಿನ ಕಡೆ, ಸಂಜೆ ಬರೀ ಹೆಣ! ಒಂದೇ ದಿನ ಮೂರು ಸಲ ಸತ್ತೆ. ಒಂದು ಸಲವಂತೂ ನನ್ನ ಕಡೆಯವನಾಗಿದ್ದ ಸ್ನೇಹಿತನ ಕೈಯಿಂದಲೇ ಸತ್ತೆ. ಕೂಲಿ ಕೊಡುವಾಗ ಕಳೆದುಹೋದ ಒಂದು ರಬ್ಬರ್ ಕತ್ತಿಯ ದುಡ್ಡು ಮುರಕೊಂಡರು, ಅದು ನನ್ನ ಕತ್ತಿಯೇ ಅಲ್ಲ ಅಂದರೂ ಕೇಳಲಿಲ್ಲ. ಆವತ್ತು ನಾಯಕನಟ ಬಂದದ್ದು ಸಂಜೆ ನಾಲ್ಕು ಗಂಟೆಗೆ. ಎರಡು ಶಾಟು, ಕುದುರೆ ಮೇಲಿಂದ ಇಳಿದು ಕಾರು ಹತ್ತಿದರು.

ಆವತ್ತಿನಿಂದ ಯುದ್ಧದ ಸೀನು ನೋಡುವಾಗ ನನ್ನ ಕಣ್ಣು ತಾನಾಗೇ ಪರದೆಯ ಅಂಚಿಗೆ ಹೋಗುತ್ತೆ. ಅಲ್ಲಿ ಬೀಳ್ತಿರೋ ಕೆಂಪು ಅಂಗಿಯವನು ಯಾರು? ಎಲ್ಲಿಯವನು? ಇವನಿಗೆ ಕೂಲಿ ಪೂರ್ತಿ ಸಿಕ್ಕಿತೋ?

ನಮ್ಮೂರ ಸೀನು

ಈಗ ಕನಕಪುರಕ್ಕೆ ಬನ್ನಿ. ಹಳೆಯ ಹೆಸರು ಕಾನಕಾನಹಳ್ಳಿ. ಚನ್ನಪಟ್ಟಣದ ಜಗದೇವರಾಯ ಕಟ್ಟಿಸಿದ್ದು ಎನ್ನುವ ಕೋಟೆ ಇಲ್ಲಿತ್ತು. ಅರ್ಕಾವತಿ ದಂಡೆಯ ಊರು. ಇಲ್ಲಿ ಯಾವ ಮಹಾಯುದ್ಧವೂ ನಡೆಯಲಿಲ್ಲ. ಆದರೂ ಒಂದು ದೊಡ್ಡ ಮುತ್ತಿಗೆ ಮುರಿಯೋದರಲ್ಲಿ ಈ ಊರಿನ ಪಾತ್ರ ಇದೆ. ಯಾವ ಸಿನಿಮಾದವನೂ ಇದನ್ನು ತೆಗೆದಿಲ್ಲ.

1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮುಂದಿನ ಗುರಿ ಶ್ರೀರಂಗಪಟ್ಟಣ. ನೇರ ದಾರಿ ಚನ್ನಪಟ್ಟಣದ ಮೇಲೆ. ಅಲ್ಲಿ ಟಿಪ್ಪು ಸುಲ್ತಾನ್ ಅಡ್ಡ ನಿಂತಿದ್ದ. ಕಾರ್ನ್‌ವಾಲಿಸ್ ಮೇ ತಿಂಗಳ ಮೊದಲ ವಾರದಲ್ಲಿ ಸುತ್ತು ದಾರಿ ಹಿಡಿದ, ನಮ್ಮ ಕನಕಪುರದ ದಾರಿ! ಟಿಪ್ಪು ಏನು ಮಾಡಿದ? ಈ ದಾರಿಯ ಊರುಗಳಲ್ಲಿ ಇಂಗ್ಲಿಷ್ ದಂಡಿಗೆ ಹಿಡಿ ಧಾನ್ಯ, ಹಿಡಿ ಹುಲ್ಲು ಸಿಗದಂತೆ ಮಾಡಿದ. ಹಳೆಯ ಮೈಸೂರು ಗೆಜೆಟಿಯರಿನಲ್ಲಿ ಕನಕಪುರದ ಬಗ್ಗೆ ಒಂದು ಸಾಲು ಇದೆ: ಶ್ರೀರಂಗಪಟ್ಟಣಕ್ಕೆ ಹೊರಟ ಇಂಗ್ಲಿಷರಿಗೆ ಉಪಯೋಗಕ್ಕೆ ಬರಬಾರದು ಅಂತ ಟಿಪ್ಪು ಈ ಊರನ್ನು ಎರಡು ಸಲ ಹಾಳುಗೆಡವಿದ. ಎರಡು ಸಲ! ಹಾಳು ಮಾಡಿದ್ದು ಶತ್ರುವಲ್ಲ, ಊರು ಯಾರದ್ದೋ ಆ ದೊರೆಯೇ.

ಫಲ ಏನಾಯ್ತು? ಮೇ 13ಕ್ಕೆ ಕಾರ್ನ್‌ವಾಲಿಸ್ ಕಾವೇರಿ ದಂಡೆಯ ಅರಕೆರೆಗೆ ಮುಟ್ಟಿದ. 15ರಂದು ನಡೆದ ಕದನದಲ್ಲಿ ಗೆದ್ದೂಬಿಟ್ಟ. ಶ್ರೀರಂಗಪಟ್ಟಣ ಕಣ್ಣೆದುರಿಗೇ ಇದೆ. ಆದರೆ ಫಿರಂಗಿ ಎಳೆಯೋ ಎತ್ತುಗಳು ಮೇವಿಲ್ಲದೆ ಸಾಲಾಗಿ ಬಿದ್ದು ಸತ್ತವು. ಸಿಪಾಯಿಗಳಿಗೆ ಅನ್ನವಿಲ್ಲ, ಮೇಲಿಂದ ಮಳೆ, ರೋಗ. ದೊಡ್ಡ ಫಿರಂಗಿಗಳನ್ನು ಸಿಪಾಯಿಗಳೇ ಎಳೆಯಬೇಕಾಯಿತು. ಕೊನೆಗೆ ಮೇ 22ರಂದು, ಕೋಟೆ ಒಡೆಯೋಕೆ ಅಂತ ಅಷ್ಟು ದೂರ ತಂದ ಫಿರಂಗಿಗಳನ್ನು ಕಾರ್ನ್‌ವಾಲಿಸ್ ತಾನೇ ನಾಶ ಮಾಡಿ ಬೆಂಗಳೂರಿಗೆ ವಾಪಸು ಹೊರಟ. ಕದನ ಗೆದ್ದವನು ಹುಲ್ಲಿಗೆ ಸೋತ!

ಇನ್ನೂ ತಮಾಷೆ ಕೇಳಿ. ಹೀಗೆ ಹೊಟ್ಟೆಗಿಲ್ಲದೆ ಹಿಂತಿರುಗುವಾಗ ಎದುರಿಗೆ ಕುದುರೆ ಧೂಳು ಎದ್ದಿತು. ಇಂಗ್ಲಿಷರು ಶತ್ರುಗಳೇ ಬಂದರು ಅಂದುಕೊಂಡರು. ನೋಡಿದರೆ ಅವರ ಜೊತೆಗಾರರಾದ ಮರಾಠರ ದಂಡು, ಸಂತೆಯಷ್ಟು ಸಾಮಾನಿನ ಜೊತೆ! ಸಿನಿಮಾದಲ್ಲಿ ಕುದುರೆ ಸರಿಯಾಗಿ ಬೆಳಗಿನ ಜಾವ ಬರುತ್ತೆ. ನಿಜ ಜೀವನದಲ್ಲಿ ಶೋ ಮುಗಿದು ಜನ ಸೈಕಲ್ ಸ್ಟ್ಯಾಂಡಿಗೆ ಬಂದ ಮೇಲೆ ಬರುತ್ತೆ.

ಅಂತೂ ಆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಉಳೀತು. ಉಳಿಸಿದ್ದರಲ್ಲಿ ಹಾಳುಬಿದ್ದ ನಮ್ಮ ದಾರಿಯ ಊರುಗಳ ಪಾಲು ದೊಡ್ಡದು. ಯುದ್ಧದ ಲೆಕ್ಕದಲ್ಲಿ ಅದು ಜಾಣತನದ ನಡೆ. ಲೋಕದ ಎಷ್ಟೋ ದೊರೆಗಳು ಮಾಡಿದ್ದಾರೆ, ರಷ್ಯಾದವರು 1812ರಲ್ಲಿ ನೆಪೋಲಿಯನ್ನನಿಗೆ ಮಾಡಿದ್ದೂ ಇದನ್ನೇ. ಆದರೆ ಆ ಜಾಣತನದ ಬಿಲ್ಲು ಕಟ್ಟಿದವನು ಕಾನಕಾನಹಳ್ಳಿಯ ರಾಗಿ ಬೆಳೆಗಾರ. ಅವನ ಹೆಸರು ಗೆಜೆಟಿಯರಿನಲ್ಲಿ ಇಲ್ಲ.

ಮತ್ತೆ ಅಷ್ಟೆಲ್ಲ ಕಳಕೊಂಡು ಸಿಕ್ಕಿದ್ದೆಷ್ಟು? ಎಂಟು ತಿಂಗಳು ಬಿಡುವು. ಕಾರ್ನ್‌ವಾಲಿಸ್ ಈ ಸಲ ಲಂಬಾಣಿಗಳ ಎತ್ತುಗಳ ಮೇಲೆ ಧಾನ್ಯ ಹೇರಿಸಿಕೊಂಡು ಸರಿಯಾದ ತಯಾರಿಯಲ್ಲಿ ಬಂದ. ದಾರಿಯ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ಹಿಡಿದ. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿತ್ತು. ಟಿಪ್ಪು ಅರ್ಧ ರಾಜ್ಯವನ್ನೂ, ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಕೊಡಬೇಕಾಯಿತು.

ಸಾವನದುರ್ಗದ ಸದ್ದು

ಆ ಬೆಟ್ಟದ ಕೋಟೆಗಳಲ್ಲಿ ಒಂದು ನಮ್ಮ ಮಾಗಡಿಯ ಸಾವನದುರ್ಗ. ಅದನ್ನು ಹಿಡಿಯೋಕೆ ಆಗೋದೇ ಇಲ್ಲ ಅನ್ನೋ ಖ್ಯಾತಿ. 1791ರ ಡಿಸೆಂಬರಿನಲ್ಲಿ ಕರ್ನಲ್ ಸ್ಟುಅರ್ಟ್ ಕಾಡು ಕಡಿದು ದಾರಿ ಮಾಡಿ ಫಿರಂಗಿ ಏರಿಸಿದ. ಮೂರ್ನಾಲ್ಕು ದಿನ ಗುಂಡು ಹೊಡೆದು ಗೋಡೆ ಒಡೆದ. 21ರಂದು ಬ್ಯಾಂಡ್ ಬಾರಿಸಿಕೊಂಡು ನುಗ್ಗಿದರು. ಒಂದು ತಾಸಿನೊಳಗೆ ಎಲ್ಲಾ ಮುಗೀತು. ಏರಿದವರಲ್ಲಿ ಒಬ್ಬ ಸಿಪಾಯಿಗೆ ಗಾಯ. ಕಾಯ್ದವರಲ್ಲಿ ನೂರಕ್ಕೂ ಮೇಲೆ ಸತ್ತರು, ಎಷ್ಟೋ ಜನ ಓಡುವಾಗ ಬಂಡೆಯಿಂದ ಪ್ರಪಾತಕ್ಕೆ ಉರುಳಿದರು. ಯಾವ ಬಿಳಿ ಕುದುರೆಯೂ ಬರಲಿಲ್ಲ. ಅದೇ ತಿಂಗಳು ರಾಮಗಿರಿಯೂ ಶರಣಾಯಿತು. ರಾಮಗಿರಿ ಅಂದರೆ ನಮ್ಮ ರಾಮನಗರದ ಬೆಟ್ಟ.

ಈ ಎರಡು ಬೆಟ್ಟಗಳಿಗೂ ಆಮೇಲೆ ಸಿನಿಮಾ ಯೋಗ ಬಂತು. ರಾಮನಗರದಲ್ಲಿ 1973ರಿಂದ ರಮೇಶ್ ಸಿಪ್ಪಿ 'ಶೋಲೆ' ಶೂಟಿಂಗ್ ಮಾಡಿದರು. ಗಬ್ಬರ್ ಸಿಂಗನ ಕೈಯಲ್ಲಿ ಸಿಕ್ಕಿ ನಲುಗೋ ಹಳ್ಳಿಗೆ ರಾಮಗಢ ಅಂತ ಹೆಸರಿಟ್ಟರು. ಯೋಚನೆ ಮಾಡಿದರೆ 'ಶೋಲೆ'ಯೂ ಮುತ್ತಿಗೆಯ ಕಥೆಯೇ ಅಲ್ಲವೇ? 1984ರಲ್ಲಿ ಡೇವಿಡ್ ಲೀನ್ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೆ ಸಾವನದುರ್ಗದ ಬಂಡೆಗಳನ್ನು ಬಳಸಿಕೊಂಡ. ಪರದೆಯ ಮೇಲೆ ಅದು ಬಿಹಾರದ ಕಡೆಯ ಮರಾಬಾರ್ ಬೆಟ್ಟ! ನಮ್ಮ ಬೆಟ್ಟಗಳು ಬೇರೆಯವರ ಕಥೆಗೆಲ್ಲ ಡೂಪ್ ಹಾಕಿ ಆಯ್ತು. ತಮ್ಮ ಸ್ವಂತ ಕಥೆಗೆ ಮಾತ್ರ ಇನ್ನೂ ಕಾಲ್‌ಶೀಟ್ ಸಿಕ್ಕಿಲ್ಲ.

ತೀರ್ಪು

ಈಗ ತೀರ್ಪು. ಸೀನು ಕಟ್ಟಿದ ಕಸುಬಿಗೆ ಹೆಲ್ಮ್ಸ್ ಡೀಪ್ ಒಂದನೇ ಸ್ಥಾನ, ಹಾರೋಹಳ್ಳಿ ಹುಡುಗರು ಟೀ ಕುಡಿದು ಸಂಭ್ರಮಿಸಲಿ. ಅದಕ್ಕೆ ನನ್ನ ಕಾರಣ ಕುದುರೆಯಲ್ಲ. ಜಾಕ್ಸನ್ ಯುದ್ಧದ ನಡುನಡುವೆ ಗುಹೆಯಲ್ಲಿ ಅಡಗಿ ಕೂತ ಹೆಂಗಸರು ಮಕ್ಕಳ ಮುಖ ತೋರಿಸುತ್ತಾನೆ, ದೊಡ್ಡ ಹೆಲ್ಮೆಟ್ಟು ಹಾಕಿಕೊಂಡು ನಡುಗೋ ಹುಡುಗನನ್ನು ತೋರಿಸುತ್ತಾನೆ. ಒಂದು ಕಿಂಡಿಯಲ್ಲಿ ಇಡೀ ಮುತ್ತಿಗೆ ತೋರಿಸಿದ ಪುಟ್ಟಣ್ಣನವರು ಒಂದೇ ಒಂದು ಕೂದಲೆಳೆ ಹಿಂದೆ, ಅದೂ ಹಾಡು ಬೇಗ ಮುಗೀತಲ್ಲ ಅನ್ನೋ ಹೊಟ್ಟೆಯುರಿಗೆ. ಕೋಡಿಹಳ್ಳಿ ಹಿರಿಯರೇ, ಒನಕೆ ಕೆಳಗಿಡಿ!

ನಂಬರ್ ಒನ್ ಆಗಬಹುದಾದ ಸೀನು ಮಾತ್ರ ಇನ್ನೂ ತೆಗೆದಿಲ್ಲ. ಯಾವನಾದರೂ ಧೈರ್ಯವಂತ ನಿರ್ದೇಶಕ ಇದ್ದರೆ ಪುಕ್ಕಟೆಯಾಗಿ ಕೊಡುತ್ತೇನೆ, ತಗೊಳ್ಳಿ. 1791, ಬೇಸಿಗೆ. ಅರ್ಕಾವತಿ ದಂಡೆಯ ಒಂದು ಮನೆ. ನಾಳೆ ಬೆಳಗಾಗೋದರೊಳಗೆ ಊರು ಬಿಡಿ ಅಂತ ಡಂಗುರ ಸಾರಿ ಆಗಿದೆ. ಅಪ್ಪ ಹಗೇವಿನ ಬಾಯಿಗೆ ಮಣ್ಣು ಮುಚ್ಚುತ್ತಿದ್ದಾನೆ, ಒಳಗೆ ಎರಡು ವರ್ಷದ ರಾಗಿ. ಮಗ ಕೇಳ್ತಾನೆ, "ಅಪ್ಪೋ, ಯಾರಿಗೆ ಸಿಗಬಾರ್ದು ಅಂತ ಮುಚ್ತಿದ್ದೀಯ? ಬರೋರಿಗಾ, ನಮ್ಮೋರಿಗಾ?" ಅಪ್ಪ ಉತ್ತರ ಕೊಡೋದಿಲ್ಲ. ಮಣ್ಣು ಎಳೀತಾನೇ ಇರ್ತಾನೆ. ಇದಕ್ಕೆ ಗ್ರಾಫಿಕ್ಸ್ ಬೇಡ, ಆರು ಸಾವಿರ ಕುದುರೆ ಬೇಡ. ಒಬ್ಬ ಒಳ್ಳೆ ನಟ, ಒಬ್ಬ ಹುಡುಗ, ಒಂದು ಲಾಟೀನು ಸಾಕು.

ಶಿಳ್ಳೆ ಬೀಳೋದಿಲ್ಲ, ನನಗೂ ಗೊತ್ತು. ಮೊದಲ ದಿನ ಮೊದಲ ಆಟಕ್ಕೆ ನಾನಂತೂ ಗಾಂಧಿಕ್ಲಾಸಿನ ಕ್ಯೂನಲ್ಲಿ ನಿಂತಿರ್ತ್ತೇನೆ.

ಮಿತ್ರರೇ, ಈ ವಾರದ ಕೆಲಸ ನಿಮಗೆ. ನಿಮ್ಮೂರಿನ ಹತ್ತಿರ ಹಾಳುಬಿದ್ದ ಕೋಟೆಯೋ, ಬುರುಜೋ, ಹೂತುಹೋದ ಹಗೇವೋ ಇದ್ದರೆ ಮನೆಯ ಹಿರಿಯರನ್ನು ಕೇಳಿ ಅದರ ಕಥೆ ಬರೆದು ಕಳಿಸಿ. ಒಂದು ಪುಟ ಸಾಕು, ಅಕ್ಷರ ಬಿಡಿಸಿ ಬರೀರಿ. ಒಳ್ಳೆಯದನ್ನು ಇದೇ ಅಂಕಣದಲ್ಲಿ ಹಾಕೋಣ. ಮುಂದಿನ ವಾರದ ವಿಷಯ: ಸಿನಿಮಾದ ಕುದುರೆಗಳಿಗೆ ನಿಜವಾಗಲೂ ಏಟು ಬೀಳ್ತಿತ್ತೇ? ಅಲ್ಲಿಯವರೆಗೆ ನಮಸ್ಕಾರ.